ಕೊಪ್ಪರಿಗೆಯಲ್ಲಿ ಕೂತವನು, ತಂಬುಳಿ ಕುಡಿದವಳು

ಮೊನ್ನೆ ನನ್ನ ಮಂಡಿಗೆ ಶಾಖ ಕೊಡುತ್ತೇನೆಂದು ಸೊಸೆ ಲಕ್ಕಿ ಸೊಪ್ಪು ಕುದಿಸಿದಳು. ಆ ಹಬೆ ಅಡುಗೆಮನೆ ದಾಟಿ ಜಗಲಿಗೆ ಬಂದದ್ದೇ ತಡ, ನನಗೆ ಮಂಡಿನೋವು ಮರೆತು ಸಿಟ್ಟು ನೆತ್ತಿಗೇರಿತು.

"ತಗಂಡ್ ಹೋಗೇ ಆ ನೀರ್ನ. ಬಾಳೆ ಬುಡಕ್ಕೆ ಚೆಲ್ಲು" ಎಂದೆ.

ಸೊಸೆ ಪಾತ್ರೆ ಹಿಡಿದು ಅಲ್ಲೇ ನಿಂತು ನಕ್ಕಳು. "ಕಾನಸೂರು ನೆನಪಾತ ಅತ್ತೆ?"

ನೆನಪಾಗದೆ ಏನು. ಸೊಪ್ಪಿನದು ತಪ್ಪಿಲ್ಲ. ಮೈಕೈ ನೋವಿಗೆ, ಬಾಣಂತಿಯ ಮೀಯುವ ನೀರಿಗೆ ನಾವು ಹಿಂದಿನಿಂದಲೂ ಹಾಕುತ್ತ ಬಂದ ಸೊಪ್ಪು ಅದು. ಆದರೆ ಆ ವಾಸನೆ ಮೂಗಿಗೆ ಬಿದ್ದರೆ ನನ್ನ ಕಣ್ಣೆದುರು ಬರುವುದು ಕಾನಸೂರಿನ ಒಂದು ಹಿತ್ತಿಲು. ಅಲ್ಲಿ ಬೆಲ್ಲ ಕಾಯಿಸುವ ಹಳೆಯ ಕಬ್ಬಿಣದ ಕೊಪ್ಪರಿಗೆ. ಅದರ ತುಂಬ ಹಬೆಯಾಡುವ ಲಕ್ಕಿ ಸೊಪ್ಪಿನ ನೀರು. ಆ ನೀರಿನಲ್ಲಿ ಹೊಕ್ಕುಳಮಟ ಮುಳುಗಿ, ಮೊಬೈಲು ನೋಡುತ್ತ ಕೂತ ನನ್ನ ಮೊಮ್ಮಗಳ ಗಂಡ.

ಅದು ಕೆಲವು ವರ್ಷಗಳ ಹಿಂದಿನ ಬೇಸಿಗೆ. ಮೊಮ್ಮಗಳು ಸುಮಿತ್ರಾ, ನನ್ನ ಮಗಳ ಮಗಳು. ಮಗಳು ಬೇಗ ಸತ್ತಳು, ಅಳಿಯ ಇನ್ನೊಂದು ಮದುವೆ ಮಾಡಿಕೊಂಡ, ಕೂಸು ಹುಲೇಕಲ್ಲಿನಲ್ಲಿ ನನ್ನ ಹತ್ತಿರ ಬೆಳೆಯಿತು. ನಮ್ಮಲ್ಲಿ ಮನೆಯ ಹುಡುಗಿ ಎಷ್ಟು ದೊಡ್ಡವಳಾದರೂ ಕೂಸೇ. ಶಿರಸಿಗೆ ಬಸ್ಸಿನಲ್ಲಿ ಹೋಗಿ ಬಂದು ಕಾಲೇಜು ಮುಗಿಸಿತು. ಆಮೇಲೆ ಕಾನಸೂರಿನ ಮಂಜುನಾಥನಿಗೆ ಕೊಟ್ಟೆವು. ಅವನು ಮದುವೆ, ಮುಂಜಿಗಳಿಗೆ ಅಡುಗೆ ಹಿಡಿಯುವವನು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಎಲ್ಲಿ ಕರೆದರೂ ಹೋಗುತ್ತಾನೆ. ಕೈರುಚಿ ಇದೆ, ಕುಡಿತವಿಲ್ಲ, ಮಾತು ಕಡಿಮೆ. ಮಾತು ಕಡಿಮೆ ಎಂಬುದನ್ನು ನಾವು ಒಳ್ಳೆಯ ಗುಣ ಎಂದು ತಿಳಿದೆವು. ತಾಯಿ ಕಮಲಾಕ್ಷಿಯೇ ಇಬ್ಬರ ಮಾತನ್ನೂ ಆಡಿ ಮುಗಿಸುವುದರಿಂದ ಅವನಿಗೆ ಉಳಿಯುತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಮದುವೆಯಾಗಿ ನಾಲ್ಕನೆಯ ಬೇಸಿಗೆ. ಕಮಲಾಕ್ಷಿ ಫೋನು ಮಾಡಿದಳು. "ಹುಲೇಕಲ್ ಅಮ್ಮ, ಹಲಸಿನಕಾಯಿ ಬೆಳೆದು ನಿಂತಿದ್ದು. ಹಪ್ಪಳಕ್ಕೆ ನಿಂಗಳ ಕೈ ಬೇಕಾಗಿತ್ತು. ಒಂದು ಹತ್ತು ದಿನ ಬಂದು ಕೂರಿ."

ಹಪ್ಪಳಕ್ಕೆ ಕರೆದರೆ ನಾನು ಇಲ್ಲವೆನ್ನುವವಳಲ್ಲ. ಹಲಸಿನ ಸೊಳೆ ಎಷ್ಟು ಬೇಯಬೇಕು ಎಂಬುದು ಈಗಿನವರಿಗೆ ಗೊತ್ತಿಲ್ಲ. ಅರೆಬೆಂದದ್ದನ್ನು ಗ್ರೈಂಡರಿಗೆ ಹಾಕಿ, ಕರಿದಾಗ ಕಲ್ಲಾದರೆ ಹಲಸಿನ ಮರವನ್ನು ಬಯ್ಯುತ್ತಾರೆ. ಹೋದೆ.

ಮೊದಲ ದಿನದ ಊಟಕ್ಕೇ ನನಗೆ ಕಾಣಿಸಿತು. ನಮಗೆಲ್ಲ ಸಾರು, ಹುಳಿ, ಉಪ್ಪಿನಕಾಯಿ, ಕರಿದ ಹಪ್ಪಳ. ಸುಮಿತ್ರಾಳ ಬಾಳೆಲೆಯಲ್ಲಿ ಅನ್ನ, ಪಕ್ಕದ ಬಟ್ಟಲಲ್ಲಿ ಹಸಿರು ತಂಬುಳಿ. ಒಂದೆಲಗ ಅರೆದು ಮಜ್ಜಿಗೆ ಕಲಸಿದ್ದು. ನನಗೂ ಒಂದೆಲಗದ ತಂಬುಳಿ ಇಷ್ಟ. ಆದರೆ ರಾತ್ರಿಯೂ ಅದೇ ಬಟ್ಟಲು. ಮಾರನೆಯ ದಿನ ದೋಸೆಗೆ ಚಟ್ನಿಯ ಬದಲು ಮೆಂತ್ಯದ ತಂಬುಳಿ. ಮಧ್ಯಾಹ್ನ ದಾಳಿಂಬೆ ಸಿಪ್ಪೆಯದು. ಕಾಫಿ ಇಲ್ಲ, ಬೆಲ್ಲ ಇಲ್ಲ, ಮಾವಿನಹಣ್ಣು ಇಲ್ಲ. ಹಪ್ಪಳ ಒತ್ತಲು ಕೂಸು ಬೇಕು, ತಿನ್ನಲು ಬೇಡ. ಬೇಸಿಗೆಯ ಉರಿಯಲ್ಲಿ ಅದರ ಮೂಗು ಸೋರುತ್ತಿತ್ತು, ಸೆರಗಿನಲ್ಲಿ ಒರೆಸಿಕೊಳ್ಳುತ್ತಿತ್ತು.

"ಎಂತದೇ ಕಮಲಾಕ್ಷಿ ಇದು? ಕೂಸಿಗೆ ಜ್ವರ ಬಂದಿತ್ತ?" ಎಂದು ಕೇಳಿದೆ.

"ಜ್ವರ ಅಲ್ಲ ಅಮ್ಮ. ಮೈ ಉಷ್ಣ. ಗರ್ಭಚೀಲ ಕಾದ್ಕಂಡು ಇದ್ದು. ಕಾದ ಕಾವಲಿ ಮೇಲೆ ನೀರು ಬಿದ್ರೆ ನಿಲ್ತನ ಹೇಳಿ? ಅದ್ಕೇ ತಂಪು ಮಾಡ್ತಾ ಇದ್ದಿ."

"ಯಾರು ಹೇಳಿದ್ದು ಕಾದಿದ್ದು ಹೇಳಿ? ಕೈ ಹಾಕಿ ನೋಡಿದ್ಯ?"

"ಅಯ್ಯ! ಎಲ್ಲರಿಗೂ ಗೊತ್ತಿದ್ದ ಮಾತು ಅಲ್ದ" ಎಂದಳು.

ಎಲ್ಲರಿಗೂ ಗೊತ್ತಿದ್ದ ಮಾತು! ನಮ್ಮ ಸೀಮೆಯಲ್ಲಿ ಹೆಂಗಸಿನ ಹೊಟ್ಟೆಯೊಳಗಿನ ವಿಷಯ ಅವಳೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿರುತ್ತದೆ. ಕಮಲಾಕ್ಷಿ ಸೊಸೆಯನ್ನು ಸೊಳೆ ಬೇಯಿಸುವ ಒಲೆಯ ಹತ್ತಿರಕ್ಕೂ ಬಿಡುತ್ತಿರಲಿಲ್ಲ, ಝಳ ತಾಗಿದರೆ ವರ್ಷಗಟ್ಟಲೆ ಕುಡಿಸಿದ ತಂಪು ಹಾಳಾಗುತ್ತದಂತೆ. ಸುಮಿತ್ರಾ ಗೋಡೆಯ ಬದಿಗೆ ಕೂತು, ಕೈಗೆ ಎಣ್ಣೆ ಹಚ್ಚಿಕೊಂಡು, ಮೇಣ ಅಂಟಿದ ಸೊಳೆ ಬಿಡಿಸುತ್ತಿತ್ತು. ತಲೆ ಎತ್ತುತ್ತಿರಲಿಲ್ಲ.

ಸಂಜೆಯಾಯಿತು. ಮಂಜುನಾಥ ಸಿದ್ದಾಪುರದ ಕಡೆಯ ಮದುವೆಯೊಂದರ ಅಡುಗೆ ಮುಗಿಸಿ ಬಂದ. ಬೆಳಗಿನಿಂದ ದೊಡ್ಡ ಒಲೆಗಳ ಮುಂದೆ ನಿಂತವನು. ಮುಖ ಕೆಂಪಾಗಿತ್ತು, ಸೊಂಟ ಹಿಡಿದುಕೊಂಡು ನಡೆಯುತ್ತಿದ್ದ. ಕಮಲಾಕ್ಷಿ ಹಪ್ಪಳದ ಮಣೆ ಬಿಟ್ಟು ಎದ್ದಳು. ಹಿತ್ತಿಲಿನಲ್ಲಿ ಕೊಪ್ಪರಿಗೆ ಇಟ್ಟಿದ್ದಳು. ಹಿಂದೆ ಆ ಮನೆಯಲ್ಲಿ ಕಬ್ಬು ಬೆಳೆದು ಆಲೆಮನೆ ಮಾಡುತ್ತಿದ್ದ ಕಾಲದ್ದು, ಬೆಲ್ಲದ ಪಾಕ ಕುದಿಸುವ ಅಗಲವಾದ ಪಾತ್ರೆ. ಒಬ್ಬ ಗಂಡಸು ಕಾಲು ಮಡಚಿ ಕೂರುವಷ್ಟು ಅಗಲ. ಅದಕ್ಕೆ ಬಚ್ಚಲ ಹಂಡೆಯಿಂದ ನೀರು ತುಂಬಿ, ಲಕ್ಕಿ ಸೊಪ್ಪು ಹಾಕಿ, ಟವೆಲು ಸುತ್ತಿಕೊಂಡ ಮಗನನ್ನು ಕೂರಿಸಿದಳು.

"ಬಿಸಿ ಸಾಕನ ಅಪ್ಪಿ?"

"ಹ್ಞೂಂ."

"ಇನ್ನೊಂದು ಕೊಡ ಹಾಕ್ತಿ ತಡೆ, ಆರ್‍ಹೋಜು" ಎಂದು ಮತ್ತೆ ಸುರಿದಳು. ಅವನು ಹಲ್ಲು ಕಚ್ಚಿ ಒಮ್ಮೆ ಎದ್ದ ಹಾಗೆ ಮಾಡಿ ಮತ್ತೆ ಕೂತ. ಮುಖ ಹಣ್ಣಾದ ಮುರುಗಲಿನ ಕಡುಗೆಂಪು ಬಣ್ಣಕ್ಕೆ ತಿರುಗಿತ್ತು. ತಾಯಿ ಹೆಮ್ಮೆಯಿಂದ ನನ್ನ ಕಡೆ ನೋಡಿದಳು. "ಮದುವೆ ಆಗೂಕಿಂತ ಮುಂಚಿಂದಲೂ ಹೀಂಗೇ ಅಮ್ಮ. ಸೀಜನ್ನಿನಲ್ಲಿ ದಿನಾ ಒಂದು ತಾಸು ಕೂರವು ಅವಂಗೆ. ಕೈ ಹಾಕಲೆ ಆಗದ ನೀರು, ಯನ್ನ ಮಗ ಕೂತ್ಕಳ್ತ ನೋಡಿ!"

ಪದಕ ಗೆದ್ದ ಮಗನನ್ನು ತೋರಿಸಿದ ಹಾಗೆ ತೋರಿಸಿದಳು. ನನಗೂ ಆಗ ತಲೆಬುಡ ಗೊತ್ತಿರಲಿಲ್ಲ. ಒಬ್ಬ ದಪ್ಪ ಗಂಡಸು ಬೆಲ್ಲದ ಪಾತ್ರೆಯಲ್ಲಿ ಬೇಯುತ್ತ ಮೊಬೈಲು ನೋಡುವುದು ಅಸಹ್ಯವಾಗಿ ಕಂಡಿತು, ಅಷ್ಟೆ.

ಹಪ್ಪಳದ ಕೆಲಸ ಸುರುವಾದ ಮೂರನೆಯ ದಿನವೋ ಏನೋ, ಸುತ್ತಲಿನ ಮನೆಯ ಹೆಂಗಸರೂ ಬಂದು ಕೂತಿದ್ದರು. ಜಗಲಿಯ ತುಂಬ ಚಾಪೆ, ಮಣೆ, ಹಿಟ್ಟಿನ ಉಂಡೆ. ಅವರಲ್ಲೊಬ್ಬಳು ಸುಮಿತ್ರಾಳ ಕಡೆ ಓರೆಗಣ್ಣಿನಲ್ಲಿ ನೋಡಿ, "ಎಂತಾರೂ ವಿಶೇಷ ಇದ್ದ ಕಮಲಕ್ಕ?" ಎಂದಳು.

ಕಮಲಾಕ್ಷಿ ನಿಟ್ಟುಸಿರು ಬಿಟ್ಟಳು. ಆ ನಿಟ್ಟುಸಿರು ಅವಳಿಗೆ ಬಾಯಿಪಾಠ. "ಎಂತದೂ ಇಲ್ಲೆ. ಚಂದಗುಳಿಗೆ ಹೋಗಿ ಗಂಟೆ ಕಟ್ತಿ ಹೇಳಿ ಗಣಪತಿಗೆ ಹರಕೆ ಹೇಳ್ಕಂಡಿದ್ದಿ. ತಂಬುಳಿ ಒಂದು ಬದಿ ಕುಡಿಸ್ತಾ ಇದ್ದಿ. ಈಗ ಹಪ್ಪಳ ಮುಗಿದ ಕೂಡ್ಲೆ ಶಿರಸಿಗೆ ಕರ್ಕಂಡು ಹೋಗಿ ಗರ್ಭಚೀಲ ತೊಳೆಸವು ಹೇಳಿ. ಅದ್ರಲ್ಲೂ ಆಗ್ದೇ ಇದ್ರೆ..."

"ಆಗ್ದೇ ಇದ್ರೆ?" ಎಂದು ನಾನು ಕೇಳಿದೆ.

ಅವಳು ಹಿಟ್ಟಿನ ಉಂಡೆಯನ್ನು ಮಣೆಯ ಮೇಲೆ ಇಟ್ಟು ಒತ್ತಿದಳು. "ದೀಪಾವಳಿ ತನಕ ನೋಡ್ತಿ ಅಮ್ಮ. ನಿಂಗಳ ಎದುರಿಗೇ ಹೇಳ್ತಿ, ಬೇಜಾರು ಮಾಡ್ಕಳಡಿ. ಮನೆ ಹೆಸರು ಹೇಳೂಲೆ ಒಂದು ಬೇಕಲ. ಕೂಸಿನ್ನ ನಿಂಗಳ ಮನೆಗೆ ಕಳಸಿಕೊಟ್ಟು, ಅವಂಗೆ ಬೇರೆ ಎಲ್ಲಾದ್ರೂ..."

ಚಾಪೆಯ ಮೇಲಿನ ಹೆಂಗಸರೆಲ್ಲ ತಲೆ ತಗ್ಗಿಸಿ ಒತ್ತುವ ಕೆಲಸಕ್ಕೆ ಬಿದ್ದರು. ಸುಮಿತ್ರಾಳ ಕೈ ನಿಂತಿತು. ಮತ್ತೆ ನಡೆಯಿತು.

ನನಗೆ ನಗು ಬಂತು. ನಿಜವಾಗಿ ನಕ್ಕೆ. ಈ ಮೂರು ತಾಲೂಕಿನಲ್ಲಿ ಗಂಡುಮಕ್ಕಳ ಮದುವೆಗೆ ಹೆಣ್ಣು ಸಿಗದೆ ಮನೆಮನೆಯಲ್ಲಿ ನಲವತ್ತು ದಾಟಿದ ಗಂಡಸರು ತಲೆಗೆ ಬಣ್ಣ ಹಚ್ಚಿಕೊಂಡು ಕೂತಿದ್ದಾರೆ. ಜಾತಕ ಹಿಡಿದು ಎಲ್ಲೆಲ್ಲಿಗೋ ಹೋಗಿ ಬರಿಗೈಯಲ್ಲಿ ಬರುತ್ತಿದ್ದಾರೆ. ಇವಳು ಒಂದನ್ನು ವಾಪಸು ಕಳಿಸಿ ಇನ್ನೊಂದನ್ನು ತರುತ್ತಾಳಂತೆ, ಅಂಗಡಿಯಲ್ಲಿ ಚಪ್ಪಲಿ ಬದಲಾಯಿಸಿದ ಹಾಗೆ.

"ಹೆಣ್ಣು ಕೊಡ್ತ ಮಾರಾಯ್ತಿ, ಕೊಡ್ತ. ಕೊಪ್ಪರಿಗೆಯಲ್ಲಿ ಕೂತ ಫೋಟೋ ತೆಗೆದು ಕಳಸು, ಸಾಲು ನಿಲ್ಲತ್ತು" ಎಂದೆ.

ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಕಮಲಾಕ್ಷಿ ಆ ದಿನ ಹಪ್ಪಳವನ್ನೆಲ್ಲ ದಪ್ಪ ದಪ್ಪ ಒತ್ತಿದಳು. ಯಾವುದೂ ನೆಟ್ಟಗೆ ಒಣಗಲಿಲ್ಲ.

ಮಧ್ಯಾಹ್ನ ಅಂಗಳದಲ್ಲಿ ಹಪ್ಪಳಕ್ಕೆ ಕಾಗೆ ಕಾಯಲು ನಾನು, ಸುಮಿತ್ರಾ ಕೂತೆವು. ಆ ವರ್ಷದ್ದು ಅಂತಿಂಥ ಬಿಸಿಲಲ್ಲ. ಬೆಳಗ್ಗೆ ಹರಡಿದ್ದು ಸಂಜೆಯೊಳಗೆ ಸಳಸಳ ಅನ್ನುತ್ತಿತ್ತು. ಶಿರಸಿ ಸೀಮೆಯಲ್ಲೂ ಫ್ಯಾನಿಲ್ಲದೆ ಮಲಗಲಾಗದ ಕಾಲ ಬಂತಲ್ಲ ಎಂದು ಊರೆಲ್ಲ ಗೊಣಗುತ್ತಿತ್ತು. ಕೂಸು ಕೋಲು ಹಿಡಿದು ಸುಮ್ಮನೆ ಕೂತಿತ್ತು, ಕಾಗೆ ಬಂದರೂ ಎತ್ತಲಿಲ್ಲ.

"ನಿನ್ನ ಗಂಡನ್ನ ಡಾಕ್ಟ್ರು ನೋಡಿದ್ವನೇ ಕೂಸೆ?"

"ಅವರನ್ನ ಎಂತಕ್ಕೆ ಅಮ್ಮಮ್ಮ? ಅವರು ಗಟ್ಟಿ ಇದ್ವಲಿ."

"ಗಟ್ಟಿ ಹೇಳಿ ಯಾರು ಹೇಳಿದ್ದು?"

"ಅತ್ತೆ."

ಬಿ.ಕಾಂ. ಓದಿದ ಕೂಸು! ನಾನು ಓದಿದ್ದು ನಾಲ್ಕನೆಯ ಇಯತ್ತೆ, ನನಗೇ ನಾಚಿಕೆಯಾಯಿತು. ನಮ್ಮ ಕೊಟ್ಟಿಗೆಯ ಎಮ್ಮೆ ಗಬ್ಬ ನಿಲ್ಲದಿದ್ದರೆ ದನದ ಡಾಕ್ಟರು ಬಂದು ಮೊದಲು ಕೇಳುವುದು, ಯಾವ ಕೋಣಕ್ಕೆ ಬಿಟ್ಟಿದ್ದಿರಿ ಎಂದು. ಎಮ್ಮೆಗೆ ಸಿಗುವ ಅಷ್ಟು ನ್ಯಾಯವೂ ಈ ಮನೆಯಲ್ಲಿ ನನ್ನ ಮೊಮ್ಮಗಳಿಗೆ ಸಿಕ್ಕಿರಲಿಲ್ಲ.

"ತೊಳೆಸ್ಕಂಬಲೆ ನಿಂಗೆ ಮನಸ್ಸಿದ್ದ?"

ಕೂಸು ಬೆರಳಿಗೆ ಅಂಟಿದ ಮೇಣ ಉಜ್ಜುತ್ತಿತ್ತು. "ಹೆದರಿಕೆ ಆಗ್ತು ಅಮ್ಮಮ್ಮ. ಆದರೆ ಬ್ಯಾಡ ಹೇಳಿರೆ ಎಲ್ಲಿಗೆ ಹೋಗವು?"

"ಹುಲೇಕಲ್ ಬಸ್ಸು ನಿಂತು ಹೋಜ?" ಎಂದೆ. "ಕಾಗೆ ಹೊಡಿ."

ಹಪ್ಪಳ ಮುಗಿಯಿತು, ಮಂಜುನಾಥನ ಕಾರಿನಲ್ಲಿ ಶಿರಸಿಗೆ ಹೊರಟೆವು. ಕಮಲಾಕ್ಷಿ ನನ್ನನ್ನು ಹುಲೇಕಲ್ ಬಸ್ಸಿಗೆ ಹತ್ತಿಸಿ ತಾವು ಆಸ್ಪತ್ರೆಗೆ ಹೋಗುವ ಲೆಕ್ಕಾಚಾರದಲ್ಲಿದ್ದಳು. ನಾನು ಕಾರಿನಿಂದ ಇಳಿಯಲೇ ಇಲ್ಲ. ಆಸ್ಪತ್ರೆಯಲ್ಲಿ ಹೆಂಗಸು ಡಾಕ್ಟರು ಸುಮಿತ್ರಾಳನ್ನು ಒಳಗೆ ಕರೆದು ನೋಡಿ, ಹೊಟ್ಟೆಯ ಸ್ಕ್ಯಾನು ಮಾಡಿಸಿ, ಹೊರಗೆ ಬಂದು ಕಮಲಾಕ್ಷಿಗೆ ಹೇಳಿದಳು: "ಇವರಿಗೆ ತೊಳೆಯುವಂಥದ್ದು ಏನೂ ಇಲ್ಲ. ಗರ್ಭಚೀಲ ಬಟ್ಟೆಯಲ್ಲ ಅಮ್ಮ, ಒಗೆದು ಹಾಕೋದಕ್ಕೆ. ಗಂಡನ ಪರೀಕ್ಷೆ ಯಾವಾಗ ಮಾಡಿಸಿದಿರಿ?"

"ಅವಂಗೆ ಎಂತ ಆಜು? ಅಂವ ಗಟ್ಟಿ ಇದ್ದ. ಒಬ್ಬನೇ ನೂರು ಜನರ ಅನ್ನದ ಹಂಡೆ ಇಳಸ್ತ!"

"ಹಂಡೆಗೂ ಇದಕ್ಕೂ ಸಂಬಂಧ ಇಲ್ಲ. ಅವರನ್ನ ನೋಡದೆ ಇವರಿಗೆ ಒಂದು ಮಾತ್ರೆಯನ್ನೂ ನಾನು ಬರೆಯೋದಿಲ್ಲ. ಎಲ್ಲಿದ್ದಾರೆ?"

ಎಲ್ಲಿದ್ದಾನೆ? ಕಾರು ನಿಲ್ಲಿಸಿ ಬರುತ್ತೇನೆಂದು ಹೋದವನು ಪತ್ತೆಯಿಲ್ಲ. ಫೋನು ಎತ್ತುತ್ತಿಲ್ಲ. ಕಮಲಾಕ್ಷಿ, "ಪಾಪ, ಅವಂಗೆ ಆಸ್ಪತ್ರೆ ವಾಸನೆ ಆಗ್ತಿಲ್ಲೆ" ಎಂದಳು. ನಾನು, ಸುಮಿತ್ರಾ ಹುಡುಕಲು ಹೋದೆವು. ರಸ್ತೆಯ ಆಚೆ ಕ್ಯಾಂಟೀನಿನಲ್ಲಿ ಮೂಲೆಯ ಮೇಜಿಗೆ ಕೂತು ಬನ್ಸು ತಿನ್ನುತ್ತಿದ್ದ. ನಮ್ಮನ್ನು ಕಂಡು ಬಾಯಿಯಲ್ಲಿದ್ದದ್ದನ್ನು ಅಗಿಯದೆ ನುಂಗಿದ.

"ಏಳೋ ತಮಾ" ಎಂದೆ. "ಡಾಕ್ಟ್ರು ಕರೀತ."

"ಯನ್ನ ಎಂತಕ್ಕೆ ಅಮ್ಮಮ್ಮ? ಊರಲ್ಲಿ ಗೊತ್ತಾದ್ರೆ ಜನ ಎಂತ ಹೇಳ್ತ?"

ಊರು! ಹೆಂಡತಿಯ ಹೊಟ್ಟೆಯ ಸಂಗತಿ ಹಪ್ಪಳದ ಚಾಪೆಯ ಮೇಲೆ ಹರಡಿ ಒಣಗಿಸಿದಾಗ ಇವನಿಗೆ ಊರು ನೆನಪಾಗಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಸುಮಿತ್ರಾ ಮುಂದೆ ಬಂದು ಅವನ ಎದುರಿನ ಕುರ್ಚಿ ಎಳೆದು ಕೂತಿತು. ಆ ಮನೆಯಲ್ಲಿ ಒಂದು ದಿನವೂ ಕೇಳದಿದ್ದ ದನಿಯಲ್ಲಿ ಹೇಳಿತು:

"ನೋಡಿ. ನಾಲ್ಕು ವರ್ಷ ನಿಂಗಳ ಆಯಿ ಕೊಟ್ಟಿದ್ದೆಲ್ಲ ಕುಡದ್ದಿ. ಒಂದು ಸಲವೂ ಬ್ಯಾಡ ಹೇಳಿದ್ನಿಲ್ಲೆ. ಈಗ ನಿಂಗ ಒಂದು ಸಲ ಆ ಬಾಗಿಲ ಒಳಗೆ ಹೋಗಿ ಬನ್ನಿ. ಹೋಗ್ತ್ನಿಲ್ಲೆ ಅಂದ್ರೆ ಆನು ಅಮ್ಮಮ್ಮನ ಸಂಗಡ ಹುಲೇಕಲ್ಲಿಗೆ ಈಗಲೇ ಹೋಗ್ತಿ. ದೀಪಾವಳಿ ತನಕ ಕಾಯದು ಬ್ಯಾಡ."

ಮಂಜುನಾಥ ಬನ್ಸಿನ ತಟ್ಟೆ ನೋಡಿದ, ನನ್ನನ್ನು ನೋಡಿದ, ಹೆಂಡತಿಯನ್ನು ನೋಡಿದ. ಎದ್ದ. ಕೈ ತೊಳೆಯಲೂ ಮರೆತು ಬಂದ. ಅವನ ಬಗ್ಗೆ ನಾನು ಹೇಳಬಹುದಾದ ಒಳ್ಳೆಯ ಮಾತು ಇದೊಂದೇ, ಆದ್ದರಿಂದ ಹೇಳುತ್ತಿದ್ದೇನೆ.

ಗಂಡಸರನ್ನು ನೋಡುವ ಡಾಕ್ಟರು ಹಾವೇರಿಯ ಕಡೆಯವರು. ಒಳಗೆ ಕರೆದುಕೊಂಡು ಹೋಗಿ ನಿಲ್ಲಿಸಿ, ಕೆಮ್ಮಿಸಿ ನೋಡಿದರಂತೆ. ಮತ್ತೆ ಇನ್ನೊಂದು ಪರೀಕ್ಷೆಯನ್ನೂ ಮಾಡಿಸಿದರು. ನಾವು ಮತ್ತೆ ಹೋದ ದಿನ ನಮ್ಮನ್ನೆಲ್ಲ ಒಳಗೆ ಕೂರಿಸಿಕೊಂಡರು. ಕಮಲಾಕ್ಷಿಗೆ ಹೆಂಗಸರ ಎದುರಿಗೆ ಇಂಥ ಮಾತೇ ಎಂದು ಸಂಕಟ. ಡಾಕ್ಟರಿಗೆ ಅದರ ಗೊಡವೆಯಿಲ್ಲ.

"ಬರ್ರಿ, ಕೂಡ್ರಿ. ನೋಡ್ರಿ ಅಮ್ಮಾರ, ಇವರ ವೀರ್ಯದಾಗ ಬೀಜಾಣು ಭಾಳ ಕಮ್ಮಿ ಅದಾವ, ಇದ್ದವೂ ಸುಸ್ತಾಗ್ಯಾವ. ಎಡಗಡೆ ಬೀಜದ ಮ್ಯಾಲ ರಕ್ತನಾಳ ಉಬ್ಬಿ, ಎರೆಹುಳ ಗಂಟು ಬಿದ್ದಂಗ ಆಗೈತಿ. ಅಲ್ಲಿ ರಕ್ತ ಮ್ಯಾಲ ಹೋಗದ ನಿಂತು ಬಿಸಿ ಆಗೈತ್ರಿ."

"ಬಿಸಿ?" ಎಂದಳು ಕಮಲಾಕ್ಷಿ. ಆ ಮಾತು ಅವಳಿಗೆ ಪರಿಚಯದ್ದು, ಆದರೆ ಬೇರೆಯವರ ವಿಳಾಸಕ್ಕೆ ಬರಬೇಕಾದದ್ದು.

"ಹೂನ್ರಿ. ಮೈ ಒಳಗಿನ ಬಿಸಿ ಬೀಜಕ್ಕ ಆಗಂಗಿಲ್ಲ, ಎರಡು ಮೂರು ಡಿಗ್ರಿ ತಂಪ ಇರಬೇಕು. ಅದಕ್ಕ ದೇವರು ಅವನ್ನ ಹೊರಗ ತೂಗಹಾಕ್ಯಾನ." ಎರಡೂ ಕೈಯ ಬೆರಳು ಹೆಣೆದು ತೋರಿಸಿದರು. "ಮ್ಯಾಲಿಂದ ಬಿಸಿ ರಕ್ತ ಇಳೀತೈತಿ. ಕೆಳಗಿಂದ ತಂಪ ರಕ್ತ ಏರತೈತಿ. ಎರಡೂ ನಾಳ ಹಿಂಗ ಹೆಣಕೊಂಡು ಅದಾವ. ಇಳಿಯೋ ರಕ್ತದ ಬಿಸಿ ಏರೋ ರಕ್ತಕ್ಕ ದಾಟತೈತಿ, ಕೆಳಗ ಮುಟ್ಟೋದ್ರಾಗ ತಂಪ ಆಗಿರತೈತಿ. ಬಿಸಿ ಒಂದ ಅಲ್ಲ. ಅಲ್ಲೇ ತಯಾರಾಗೋ ಹಾರ್ಮೋನೂ ಏರೋ ನಾಳದಿಂದ ಸ್ವಲ್ಪ ಇಳಿಯೋ ನಾಳಕ್ಕ ಸೋಸಿ, ತಿರುಗಿ ಬೀಜಕ್ಕ ಬರತೈತಿ. ಇಡೀ ಮೈ ಸುತ್ತಿ ಬರೋ ಕೆಲಸ ಇಲ್ಲ. ಬೇಲಿ ಮ್ಯಾಲಿಂದ ಪಕ್ಕದ ಮನಿಗೆ ಮಜ್ಜಿಗಿ ಕೊಟ್ಟಂಗ. ಹೆಣ್ಣಮಕ್ಕಳೊಳಗೂ ಗರ್ಭಚೀಲಕ್ಕೂ ಅಂಡಾಶಯಕ್ಕೂ ಹಿಂಗ ಬೇಲಿ ಮ್ಯಾಲಿನ ವ್ಯವಹಾರ ಇರತೈತಿ ಅಂತಾರ. ಇವರೊಳಗ ಏರೋ ನಾಳ ಕೆಟ್ಟು ಎಲ್ಲಾ ವ್ಯವಸ್ಥಾ ಕೆಟ್ಟೈತ್ರಿ."

ನನಗೆ ಇದು ಅರ್ಥವಾಗದೆ ಇರಲು ಏನಿದೆ. ಇಳಿಯುವ ಬಿಸಿನೀರಿನ ಪೈಪಿಗೆ ಬಾವಿಯಿಂದ ಏರುವ ತಣ್ಣೀರಿನ ಪೈಪು ತಾಗಿಸಿ ಕಟ್ಟಿದರೆ ಬಿಸಿನೀರು ಮನೆ ಮುಟ್ಟುವಾಗ ಆರಿರುತ್ತದೆ. ತಣ್ಣೀರಿನ ಪೈಪಿನಲ್ಲಿ ಕಸ ಸಿಕ್ಕಿ ನೀರು ನಿಂತರೆ ಎರಡೂ ಬಿಸಿ.

ಡಾಕ್ಟರು ಮಂಜುನಾಥನನ್ನು ಕೇಳಿದರು. "ಕೆಲಸ ಏನು ಮಾಡ್ತೀರಿ? ಒಲಿ ಮುಂದ ನಿಲ್ಲೋದಾ? ಇರ್ಲಿ. ಬಿಸಿನೀರಾಗ ಕೂಡೋ ರೂಢಿ ಏನರ ಐತೇನು?"

ಮಂಜುನಾಥ ತಾಯಿಯನ್ನು ನೋಡಿದ. ತಾಯಿ ಗೋಡೆಯನ್ನು ನೋಡಿದಳು. ಹೇಳುವ ಕೆಲಸ ನನಗೆ ಬಿತ್ತು. ಕೊಪ್ಪರಿಗೆ, ಲಕ್ಕಿ ಸೊಪ್ಪು, ದಿನಾ ಒಂದು ತಾಸು, ಮೇಲಿಂದ ಕೊಡ ಕೊಡ ಬಿಸಿನೀರು, ಯಾವುದನ್ನೂ ಬಿಡದೆ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು.

"ಯಪ್ಪಾ! ಬೆಲ್ಲದ ಕೊಪ್ಪರಿಗಿಯೊಳಗ?" ಎಂದರು. ನಗು ತಡೆದುಕೊಳ್ಳಲು ಕನ್ನಡಕ ತೆಗೆದು ಒರೆಸಿದರು. "ಮೊದಲೇ ನಾಳ ಕೆಟ್ಟು ಒಳಗಿಂದ ಬಿಸಿ. ಮ್ಯಾಲ ನೀವು ಹೊರಗಿಂದ ಬೇಯಿಸೀರಿ. ಉಬ್ಬಿದ ನಾಳ ಕಟ್ಟೋ ಸಣ್ಣ ಆಪರೇಶನ್ ಮಾಡೂನು. ಬಿಸಿನೀರಾಗ ಕೂಡೋದು ಇವತ್ತಿಂದ ಬಂದ್. ಹೊಸಾ ಬೀಜಾಣು ತಯಾರಾಗಾಕ ತಿಂಗಳುಗಟ್ಟಲೆ ಬೇಕು. ಆಗೇ ಆಗತೈತಿ ಅಂತ ನಾ ಗ್ಯಾರಂಟಿ ಕೊಡಂಗಿಲ್ಲ. ಆದರ ಈ ಹೆಣ್ಣಮಗಳಿಗೆ ಏನೂ ಆಗಿಲ್ಲ, ಅದನ್ನ ಬೇಕಾದ್ರ ಬರದು ಕೊಡ್ತೀನಿ."

ನಾನು ಕಮಲಾಕ್ಷಿಯ ಮುಖ ನೋಡುತ್ತಿದ್ದೆ. ಈಗ ಸೊಸೆಯ ಕಡೆ ತಿರುಗುತ್ತಾಳೆ, ಒಂದು ಮಾತು ಹೇಳುತ್ತಾಳೆ ಎಂದುಕೊಂಡೆ. ಅವಳು ಡಾಕ್ಟರ ಕಡೆ ಬಾಗಿ, ಬಹಳ ಗಂಭೀರವಾಗಿ ಕೇಳಿದಳು:

"ಹಂಗಾರೆ ಡಾಕ್ಟ್ರೆ, ಅವಂಗೇ ತಂಬುಳಿ ಕೊಟ್ರೆ ಆಗ್ತಿಲ್ಯ?"

ನಾಲ್ಕು ವರ್ಷ ಸೊಸೆಯ ಗಂಟಲಿಗೆ ಹೊಯ್ದ ಬಟ್ಟಲನ್ನು ತಿರುಗಿಸಿ ಮಗನ ಮುಂದೆ ಇಟ್ಟರೆ ಲೆಕ್ಕ ಚುಕ್ತಾ, ಅಷ್ಟೇ ಅವಳ ತಲೆಗೆ ಹೊಳೆದದ್ದು.

ಮಳೆ ಹಿಡಿಯುವ ಮುಂಚೆ ಆಪರೇಶನ್ ಆಯಿತು. ಕಾನಸೂರಿನಲ್ಲಿ ಕಮಲಾಕ್ಷಿ ಹೇಳಿದ್ದು, ಮಗನಿಗೆ ಸೊಂಟದ ಆಪರೇಶನ್ ಎಂದು. ಪಾಪ, ನಿಂತು ನಿಂತು ಸೊಂಟ ಹೋಯಿತು ಎಂದು ಬಂದವರೆಲ್ಲ ಮರುಗಿದರು, ಬಾಳೆಹಣ್ಣು ಕೊಟ್ಟು ಹೋದರು. ಗಂಡಸಿನ ಅಲ್ಲಿಯ ನಾಳ ಊರಿನವರ ಬಾಯಿಗೆ ಬರುವ ಹೊತ್ತಿಗೆ ಮೇಲೇರಿ ಬೆನ್ನಿಗೆ ಹೋಗಿತ್ತು. ಹೆಂಗಸಿನ ಗರ್ಭಚೀಲ ಮಾತ್ರ ಇದ್ದಲ್ಲೇ ಇದ್ದು ಊರಿಗೆಲ್ಲ ಕಾಣುತ್ತಿತ್ತು. ಬಂದವರು ಹೋಗುವಾಗ ಸುಮಿತ್ರಾಳಿಗೆ ಹೇಳುತ್ತಿದ್ದರಂತೆ, "ನೀ ತಂಪು ತಗಳದು ಬಿಡಡ ಕೂಸೆ."

ಕೂಸು ಬಿಟ್ಟಿತು. ಆಸ್ಪತ್ರೆಯಿಂದ ಬಂದ ಮಾರನೆಯ ಮಧ್ಯಾಹ್ನ ಕಮಲಾಕ್ಷಿ ರೂಢಿಯಂತೆ ಬಟ್ಟಲು ತಂದಿಟ್ಟಾಗ, ಅದನ್ನು ಬದಿಗೆ ಸರಿಸಿ, ಎದ್ದು ಹೋಗಿ ಉಪ್ಪಿನಕಾಯಿ ಭರಣಿ ತಂದುಕೊಂಡು ಬಡಿಸಿಕೊಂಡಿತಂತೆ. ಫೋನಿನಲ್ಲಿ ನನಗೆ ಹೇಳಿತು. ಅತ್ತೆ ಏನೆಂದಳು ಎಂದು ಕೇಳಿದೆ. "ಎಂತದೂ ಹೇಳಿದ್ದಿಲ್ಲೆ ಅಮ್ಮಮ್ಮ. ಬಾಯಿ ಬಿಡಲೇ ಇಲ್ಲೆ" ಎಂದಿತು. ಆ ಮನೆಯಲ್ಲಿ ಅದೇ ದೊಡ್ಡ ಕ್ಷಮಾಪಣೆ ಎಂದು ಇಟ್ಟುಕೊಳ್ಳಬೇಕು.

ದೀಪಾವಳಿ ಬಂತು, ಹೋಯಿತು. ಯಾರೂ ಯಾರನ್ನೂ ಎಲ್ಲಿಗೂ ಕಳಿಸಲಿಲ್ಲ. ಹಬ್ಬಕ್ಕೆ ಸುಮಿತ್ರಾ ಬಂದಾಗ ಮೈ ಸ್ವಲ್ಪ ತುಂಬಿಕೊಂಡಿತ್ತು, ಸೀಮೆಯ ಮಾವಿನ ಉಪ್ಪಿನಕಾಯಿಯನ್ನೆಲ್ಲ ತಾನೇ ತಿಂದ ಹಾಗೆ. ಗರ್ಭ ನಿಂತ ಸುದ್ದಿ ಮುಂದಿನ ಯುಗಾದಿಯ ಹೊತ್ತಿಗೆ ಬಂತು. ನಾನು ಕುಣಿಯಲಿಲ್ಲ. ನಿಲ್ಲದೆ ಇದ್ದಿದ್ದರೂ ಕೂಸಿನ ತಪ್ಪಲ್ಲ ಎಂಬುದು ಆಗಲೇ ಗೊತ್ತಾಗಿತ್ತಲ್ಲ, ನನಗೆ ಬೇಕಾಗಿದ್ದದ್ದು ಅಷ್ಟೇ.

ಹೆಣ್ಣು ಹುಟ್ಟಿತು. ನಾಮಕರಣಕ್ಕೆ ಕಾನಸೂರಿಗೆ ಹೋದೆ. ಅದೇ ಜಗಲಿ, ಹಪ್ಪಳ ಒತ್ತಿದ ಅವೇ ಹೆಂಗಸರು. ಊಟದ ಪಂಕ್ತಿಯಲ್ಲಿ ಅವತ್ತಿನ ಅದೇ ಓರೆಗಣ್ಣಿನವಳು ಕೇಳಿದಳು. "ಕಮಲಕ್ಕ, ಅಂತೂ ಆತಲ! ಯಂಗಳ ಸೊಸೆಗೂ ಬೇಕಾಗಿತ್ತು. ಎಂತ ಮದ್ದು ಮಾಡಿದ್ದು?"

ಕಮಲಾಕ್ಷಿ ಪಾಯಸದ ಸೌಟು ಹಿಡಿದು ಅರಳಿದಳು. "ಮದ್ದು ಎಂತದೂ ಇಲ್ಲೆ. ಗಣಪತಿ ದಯೆ ಒಂದು. ಮತ್ತೆ ನಾಲ್ಕು ವರ್ಷ ಬಿಡದೆ ತಂಬುಳಿ ಕುಡಿಸಿದ್ದಿ ನೋಡು! ಗರ್ಭಚೀಲ ತಂಪಾಗಿ ನಿಂತ್ಕಂಡ್ತು."

ನನ್ನ ಕೈ ತುತ್ತಿನಲ್ಲೇ ನಿಂತಿತು. ಗಣಪತಿಯ ಮೇಲೆ ನನಗೆ ತಕರಾರಿಲ್ಲ, ಅವನು ತಾನು ಮಾಡಿದೆ ಎಂದು ಹೇಳಿಕೊಂಡು ತಿರುಗುವುದಿಲ್ಲ. ಬಾಯಿ ತೆರೆದೆ. ಆದರೆ ಬಾಗಿಲಲ್ಲಿ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತ ಸುಮಿತ್ರಾ ಮೊದಲೇ ಹೇಳಿಬಿಟ್ಟಿತು. ಗಟ್ಟಿಯಾಗಿಯೂ ಅಲ್ಲ, ಮೆಲ್ಲಗೂ ಅಲ್ಲ, ಮಜ್ಜಿಗೆ ಬೇಕೇ ಎಂದು ಕೇಳುವ ದನಿಯಲ್ಲಿ.

"ಯಂಗೆ ಎಂತದೂ ಆಗಿತ್ತಿಲ್ಲೆ ಅಕ್ಕ. ಆಪರೇಶನ್ ಆಗಿದ್ದು ಇವರಿಗೆ. ಸೊಂಟಕ್ಕಲ್ಲ. ಅದ್ರ ಮೇಲೆ ಆ ಕೊಪ್ಪರಿಗೆಯಿಂದ ಎದ್ದ. ನಿಂಗಳ ಮಗನೂ ಬಿಸಿನೀರಲ್ಲಿ ಕೂರ್ತ್ನ ಏನ, ಕೇಳಿ ನೋಡಿ."

ಪಂಕ್ತಿಯ ಆ ತುದಿಯಲ್ಲಿ ಬಡಿಸುತ್ತಿದ್ದ ಮಂಜುನಾಥ ಬಗ್ಗಿದವನು ಬಗ್ಗಿದ ಹಾಗೇ ಇದ್ದ. ಓರೆಗಣ್ಣಿನವಳು ತನ್ನ ಬಾಳೆಯನ್ನು ನೋಡಿದಳು. ಅವಳ ಮನೆಯ ಬಚ್ಚಲೊಲೆ ಎಷ್ಟು ಹೊತ್ತು ಉರಿಯುತ್ತದೆ ಎಂಬ ಲೆಕ್ಕ ಅವಳ ಮುಖದ ಮೇಲೆ ನಡೆಯುತ್ತಿತ್ತು. ಕಮಲಾಕ್ಷಿಯ ಸೌಟಿನಿಂದ ಪಾಯಸ ತೊಟ್ಟಿಕ್ಕಿ ಯಾರದೋ ಹುಳಿಗೆ ಬಿತ್ತು.

ಹೊರಡುವಾಗ ಕಮಲಾಕ್ಷಿ ಹಪ್ಪಳದ ಕಟ್ಟು ಕೊಡಲು ಬಂದಳು. ಮುಖ ಬಿಗಿದುಕೊಂಡೇ ಇತ್ತು, ಆದರೂ ಉಪಚಾರ ಬಿಡುವ ಮನೆತನವಲ್ಲ. "ಮತ್ತೆಂತಾರೂ ಬೇಕಾಗಿತ್ತ ಅಮ್ಮ?" ಎಂದಳು.

"ಹಿತ್ಲಲ್ಲಿ ಕೊಪ್ಪರಿಗೆ ಖಾಲಿ ಬಿದ್ದಿದ್ದಲೆ. ಅದ್ನ ಕಾರಲ್ಲಿ ಹಾಕ್ಸು" ಎಂದೆ.

ಹಾಕಿಸಿದಳು. ಮಂಜುನಾಥನೇ ಹೊತ್ತು ತಂದ, ಕಣ್ಣೆತ್ತದೆ. ಈಗ ಅದು ನಮ್ಮ ಕೊಟ್ಟಿಗೆಯಲ್ಲಿದೆ. ಎಮ್ಮೆಗೆ ಅಕ್ಕಿ ತೊಳೆದ ನೀರು ಕಾಯಿಸಿ ಮಾಡಿದ ಅಕ್ಕಚ್ಚು ಅದರಲ್ಲೇ ಹೊಯ್ಯುತ್ತೇವೆ. ಸೊಸೆ ಒಮ್ಮೊಮ್ಮೆ ಅವಸರದಲ್ಲಿ ಬಿಸಿಬಿಸಿಯಾದದ್ದನ್ನೇ ಹೊಯ್ದುಬಿಡುತ್ತಾಳೆ. ಎಮ್ಮೆ ಒಮ್ಮೆ ಮೂಸುತ್ತದೆ, ಹಿಂದೆ ಸರಿದು ಮೂತಿ ತಿರುಗಿಸಿ ನಿಲ್ಲುತ್ತದೆ, ಆರುವವರೆಗೆ ಮುಟ್ಟುವುದಿಲ್ಲ. ಅದಕ್ಕೆ ಯಾರೂ ಹೇಳಿಕೊಟ್ಟದ್ದಲ್ಲ.